ಚೀನಾದೊಳಗೇ ಊರು ಬದಲಾವಣೆ: ಮನೆ ಎಲ್ಲಿ, ಭಾನುವಾರ ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಬಗೆಯವು. ಮೂರೂ ಚೀನಾದಲ್ಲಿರುವ ಕನ್ನಡದವರಿಂದ ಬಂದಿವೆ. ಮೂರೂ ಮನೆಯವರು ಅಲ್ಲೇ ಇನ್ನೊಂದು ಊರಿಗೆ ಹೊರಟಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ನಾನೂ ಗ್ವಾಂಗ್‌ಜೌನಲ್ಲಿ ಸಂಸಾರ ಹೂಡಿ, ಅದನ್ನು ಕಟ್ಟಿಕೊಂಡು ಶಾಂಘೈಗೆ ಬಂದವಳು. ಈ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಜಾಸ್ತಿಯೇ ನಡೆಯುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಾವು ಬೀಜಿಂಗ್‌ನ ವಾಂಗ್‌ಜಿಂಗ್‌ನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಶಾಂಘೈನ ಜಾಂಗ್‌ಜಿಯಾಂಗ್ ಹೈಟೆಕ್ ಪಾರ್ಕಿನ ಆಫೀಸಿಗೆ ವರ್ಗವಾಗಿದೆ. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಅತ್ತೆಯವರು ಚಳಿಗಾಲದಲ್ಲಿ ಬಂದು ನಮ್ಮ ಜೊತೆ ಇರುತ್ತಾರೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಏಜೆಂಟ್ ಮೂರು ಕಡೆ ಮನೆ ತೋರಿಸುತ್ತೇನೆ ಎಂದಿದ್ದಾನೆ: ಪುಡಾಂಗ್‌ನ ಜಿನ್‌ಚ್ಯಾವ್, ಸೆಂಚುರಿ ಪಾರ್ಕ್ ಪಕ್ಕದ ಲಿಯಾನ್‌ಯಾಂಗ್, ಮತ್ತೆ ನದಿಯ ಆಚೆ ಗುಬೇ. "ಆಫೀಸಿಗೆ ಹತ್ತಿರ ಇದ್ದರೆ ಸಾಕು" ಅಂತಾರೆ ಇವರು. ನನಗೆ ಏನೂ ತೋಚುತ್ತಿಲ್ಲ. ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು ಅಂತಲೂ ತಿಳಿಸಿ.
— ಹೆಸರು ಬೇಡ, ಬೀಜಿಂಗ್

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಕೊಡುತ್ತೇನೆ. ಅವರು ಬೆಳಗ್ಗೆ ಹೋದರೆ ರಾತ್ರಿ ಬರುತ್ತಾರೆ. ಆ ಏರಿಯಾದಲ್ಲಿ ಇಡೀ ಹಗಲು ಕಳೆಯುವವರು ನೀವು, ಮೂರು ವರ್ಷದ ಮಗ, ಚಳಿಗಾಲದಲ್ಲಿ ನಿಮ್ಮ ಅತ್ತೆ. ಏರಿಯಾ ಆರಿಸುವ ಹಕ್ಕು ಅಲ್ಲಿ ಜಾಸ್ತಿ ಹೊತ್ತು ಇರುವವರದ್ದು, ಅಲ್ವಾ? ಅವರು ಮೆಟ್ರೋದಲ್ಲಿ ಇನ್ನೊಂದು ಕಾಲು ಗಂಟೆ ಕೂತರೆ ಏನೂ ಆಗುವುದಿಲ್ಲ. ನಿಮಗೆ ಮಗುವನ್ನು ಆಡಿಸಲು ಕೆಳಗಡೆ ಜಾಗ ಇಲ್ಲದಿದ್ದರೆ ಇಡೀ ವರ್ಷ ಹಾಳು.

ಆಫೀಸಿಗಿಂತ ಮೊದಲು ಶಾಲೆ ಗಟ್ಟಿ ಮಾಡಿಕೊಳ್ಳಿ. ಇಂಟರ್‌ನ್ಯಾಷನಲ್ ಶಾಲೆಗಳ ಫೀಸು ಇಲ್ಲೂ ಬೀಜಿಂಗ್ ಥರವೇ, ವರ್ಷಕ್ಕೆ ಎರಡು ಲಕ್ಷ ಯುವಾನ್ ದಾಟುವವೇ ಬಹಳ. ಕಂಪನಿ ಎಷ್ಟು ಕೊಡುತ್ತದೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಮೇಲೆ ಶಾಲೆಯವರನ್ನು ಕೇಳಬೇಕಾದ್ದು ಒಂದೇ: ನಿಮ್ಮ ಬಸ್ಸು ಯಾವ ಯಾವ ಕಾಂಪೌಂಡಿನ ಗೇಟಿನಲ್ಲಿ ನಿಲ್ಲುತ್ತದೆ? ಆ ಪಟ್ಟಿ ಕೈಗೆ ಬಂದ ಮೇಲೆ ಏಜೆಂಟ್‌ನ ಜೊತೆ ಹೊರಡಿ. ಮನೆಗೆ ಸಹಿ ಹಾಕಿದ ಮೇಲೆ ಬಸ್ಸು ಅಲ್ಲಿಗೆ ಬರುವುದಿಲ್ಲ ಎಂದು ಗೊತ್ತಾಗಿ, ಎಂಟು ವರ್ಷದ ಮಕ್ಕಳನ್ನು ಬೆಳಗಿನ ಜಾವ ಟ್ಯಾಕ್ಸಿಯಲ್ಲಿ ಸಾಗಿಸುವ ತಾಯಂದಿರನ್ನು ನಾನು ನೋಡುತ್ತಲೇ ಇದ್ದೇನೆ.

ಈಗ ಮೂರು ಏರಿಯಾ. ಗುಬೇ ಚೆನ್ನಾಗಿದೆ. ತೊಂಬತ್ತರ ದಶಕದಿಂದಲೇ ಹೊರದೇಶದವರು, ಅದರಲ್ಲೂ ಜಪಾನೀಯರು ಮತ್ತು ಕೊರಿಯನ್ನರು ನೆಲೆಸಿದ ಜಾಗ. ಅಲ್ಲಿನ ಹುವಾಂಗ್‌ಜಿನ್‌ಚೆಂಗ್ ಎಂಬ ಬೀದಿಯಲ್ಲಿ ವಾಹನ ಇಲ್ಲ. ಎರಡೂ ಕಡೆ ಗಿಂಕೋ ಮರಗಳು. ನವೆಂಬರ್ ಕೊನೆಗೆ ಎಲೆಯೆಲ್ಲ ಹಳದಿಯಾದಾಗ ನೋಡಲೇಬೇಕು. ಆದರೆ ಅಲ್ಲಿಂದ ಜಾಂಗ್‌ಜಿಯಾಂಗ್ ಎಂದರೆ ಊರಿನ ಈ ತುದಿಯಿಂದ ಆ ತುದಿಗೆ, ಮೆಟ್ರೋ ಬದಲಿಸಿ ಹತ್ತಿರ ಒಂದು ಗಂಟೆ. ಕಾಲು ಗಂಟೆ ಜಾಸ್ತಿ ಕೂರಲಿ ಅಂದೆ ನಿಜ, ಇಷ್ಟು ಶಿಕ್ಷೆ ಬೇಡ. ಶಾಲೆ ಆ ಕಡೆ ಸಿಕ್ಕಿದರೆ ಮಾತ್ರ ಗುಬೇ.

ಜಿನ್‌ಚ್ಯಾವ್‌ನಲ್ಲಿ ಬೀಯುನ್ ಎಂಬ ಬಡಾವಣೆ ಇದೆ. ಅಗಲ ರಸ್ತೆ, ಹುಲ್ಲುಹಾಸು, ಕಾಫಿ ಅಂಗಡಿ, ವಿದೇಶಿ ಸಾಮಾನಿನ ಸೂಪರ್ ಮಾರ್ಕೆಟ್ ಎಲ್ಲ ಇವೆ. 9ನೇ ಮತ್ತು 14ನೇ ಮೆಟ್ರೋ ಲೈನ್‌ಗಳು ಲಾನ್‌ತಿಯಾನ್ ರೋಡ್ ನಿಲ್ದಾಣದಲ್ಲಿ ಸೇರುತ್ತವೆ. ದೊಡ್ಡ ಇಂಟರ್‌ನ್ಯಾಷನಲ್ ಶಾಲೆಗಳು ಪಕ್ಕದಲ್ಲೇ ಇವೆ. ಹಾಗಾಗಿ ಬಾಡಿಗೆಯೂ ಅದಕ್ಕೆ ತಕ್ಕಂತೆ. ನನಗೆ ಅಲ್ಲಿ ಒಂದು ಬೇಸರ: ಚೀನಾದಲ್ಲಿ ಇದ್ದೇವೆ ಎನ್ನುವುದೇ ಮರೆತುಹೋಗುತ್ತದೆ. ಅದು ಬೇಕು ಎನ್ನುವವರೂ ಇದ್ದಾರೆ, ಅವರ ಜೊತೆ ನನ್ನ ಜಗಳವಿಲ್ಲ.

ನಾನಾದರೆ ಲಿಯಾನ್‌ಯಾಂಗ್ ನೋಡುತ್ತೇನೆ. ಸೆಂಚುರಿ ಪಾರ್ಕ್ 140 ಹೆಕ್ಟೇರ್. ಒಳಗೆ ಕೆರೆ, ದೊಡ್ಡ ಹುಲ್ಲುಗಾವಲು, ಬಾಡಿಗೆಗೆ ನಾಲ್ಕು ಜನ ತುಳಿಯುವ ಸೈಕಲ್ ಸಿಗುತ್ತವೆ. ಮೊದಲು ಟಿಕೆಟ್ ಇತ್ತು, ಈಗ ಇಲ್ಲ. 2ನೇ ಲೈನಿನಲ್ಲಿ ಸೆಂಚುರಿ ಪಾರ್ಕ್ ನಿಲ್ದಾಣದಿಂದ ಜಾಂಗ್‌ಜಿಯಾಂಗ್ ಎರಡನೇ ಸ್ಟಾಪ್, ನಿಮ್ಮ ಯಜಮಾನರೂ ಖುಷಿ. ಅದೇ ಲೈನ್ ಹೋಂಗ್‌ಚ್ಯಾವ್ ರೈಲ್ವೆ ನಿಲ್ದಾಣಕ್ಕೂ ಹೋಗುತ್ತದೆ. ಬೀಜಿಂಗ್‌ನ ಗೆಳತಿಯರನ್ನು ನೋಡಬೇಕು ಎನಿಸಿದರೆ ಅಲ್ಲಿಂದ ನಾಲ್ಕೂವರೆ ಗಂಟೆಯ ರೈಲು.

ಮನೆ ನೋಡಲು ಏಜೆಂಟರು ಮಧ್ಯಾಹ್ನವೇ ಕರೆಯುತ್ತಾರೆ. ಆಗ ಎಲ್ಲ ಕಾಂಪೌಂಡೂ ಶಾಂತ, ಎಲ್ಲ ಮನೆಯೂ ಬೆಳಕು. ಸಂಜೆ ಐದೂವರೆಗೆ ಇನ್ನೊಮ್ಮೆ ನೀವೊಬ್ಬರೇ ಹೋಗಿ. ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಕೆಳಗೆ ಇಳಿದಿದ್ದಾರಾ? ಹುಡುಗರು ಸೈಕಲ್ ಹೊಡೆಯುತ್ತಿದ್ದಾರಾ? ಹಾಗಿದ್ದರೆ ಆ ಜಾಗ ಹಿಡಿಯಿರಿ. ಭಾಷೆ ಬಾರದಿದ್ದರೂ ನಿಮ್ಮ ಅತ್ತೆಗೆ ಒಂದು ವಾರದಲ್ಲಿ ಜೊತೆ ಸಿಗುತ್ತದೆ. ಏಳು ಗಂಟೆಯವರೆಗೆ ನಿಂತಿದ್ದರೆ ಇನ್ನೊಂದೂ ಗೊತ್ತಾಗುತ್ತದೆ: ಹೆಂಗಸರ ಗುಂಪು ಸ್ಪೀಕರ್ ಇಟ್ಟುಕೊಂಡು ಡ್ಯಾನ್ಸ್ ಮಾಡುವ ಅಂಗಳ ಯಾವ ಕಿಟಕಿಯ ಕೆಳಗೆ ಬರುತ್ತದೆ ಎನ್ನುವುದು. ಮಗ ಬೇಗ ಮಲಗುವವನಾದರೆ ಆ ಕಡೆಯ ಮನೆ ಬೇಡ.

ಬೀಜಿಂಗ್‌ನಿಂದ ಬರುವವರು ಎಡವುವುದು ಚಳಿಯಲ್ಲಿ. ಅಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಊರೇ ಮನೆಗೆ ಬಿಸಿ ಕೊಡುತ್ತದೆ. ಒಳಗೆ ತೆಳು ಅಂಗಿಯಲ್ಲಿ ಓಡಾಡುತ್ತೀರಿ. ಹುವಾಯ್ ನದಿ ಮತ್ತು ಚಿನ್‌ಲಿಂಗ್ ಬೆಟ್ಟಗಳ ಉತ್ತರಕ್ಕೆ ಮಾತ್ರ ಆ ವ್ಯವಸ್ಥೆ, ಐವತ್ತರ ದಶಕದಲ್ಲಿ ಹಾಕಿದ ಗೆರೆ ಅದು. ಶಾಂಘೈ ಗೆರೆಯ ದಕ್ಷಿಣಕ್ಕಿದೆ. ಹೊರಗೆ ಬೀಜಿಂಗ್‌ನಷ್ಟು ಚಳಿ ಇಲ್ಲ, ಮನೆಯೊಳಗೆ ಮಾತ್ರ ಕೋಟು ಬಿಚ್ಚುವ ಹಾಗಿಲ್ಲ. ಅತ್ತೆ ಬರುವುದೇ ಆ ತಿಂಗಳುಗಳಲ್ಲಿ ಅಂತೀರಿ. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಮನೆ, ನೆಲದಡಿ ಬಿಸಿನೀರಿನ ಪೈಪ್ ಹಾಕಿದ ಮನೆ ಕೇಳಿ. "ದೀ ನುವಾನ್" ಅಂದರೆ ಏಜೆಂಟ್‌ಗೆ ಗೊತ್ತಾಗುತ್ತದೆ. ಗ್ಯಾಸ್ ಬಿಲ್ಲು ಏರುತ್ತದೆ, ಏರಲಿ. ಬೇಸಿಗೆಯ ಕಥೆ ಬೇರೆ. ಜೂನ್ ಮಧ್ಯದಿಂದ ಜುಲೈ ಮೊದಲವರೆಗೆ ಜಡಿಮಳೆ ಹಿಡಿದರೆ ಬೀರುವಿನ ಬಟ್ಟೆ, ಚಪ್ಪಲಿ ಎಲ್ಲ ಬೂಸ್ಟು ಹಿಡಿಯುತ್ತವೆ, ಥೇಟ್ ನಮ್ಮ ಸಾಗರದ ಮಳೆಗಾಲ. ನೆಲಮಹಡಿ ಬೇಡವೇ ಬೇಡ. ಗಾಳಿಯ ತೇವ ಹೀರುವ ಮೆಷಿನ್ ಒಂದು ತೆಗೆದುಕೊಳ್ಳಿ. ಬಾಡಿಗೆ ಕಡಿಮೆ ಎಂದು ಹಳೆಯ ಆರು ಮಹಡಿ ಕಟ್ಟಡಕ್ಕೆ ಹೋದರೆ ಲಿಫ್ಟ್ ಇರುವುದು ಅಪರೂಪ. ಅತ್ತೆಯವರ ಮಂಡಿ ಕೇಳಿಕೊಂಡು ತೀರ್ಮಾನಿಸಿ.

ದುಡ್ಡಿನ ಲೆಕ್ಕ: ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆ ಅಡ್ವಾನ್ಸ್, ಜೊತೆಗೆ ಒಂದರಿಂದ ಮೂರು ತಿಂಗಳ ಬಾಡಿಗೆ ಮುಂಚಿತವಾಗಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಬೆಂಗಳೂರಿನ ಓನರ್‌ಗಳನ್ನು ಕಂಡವರಿಗೆ ಇದು ಧರ್ಮ ಅನಿಸುತ್ತದೆ. ಬಾಡಿಗೆ ಕಂಪನಿ ಕೊಡುವುದಾದರೆ ಮಾಲೀಕ ತೆರಿಗೆ ರಸೀದಿ, ಅಂದರೆ ಫಾಪ್ಯಾವ್ ಕೊಡುತ್ತಾನಾ ಎಂದು ಮೊದಲೇ ಕೇಳಿ. ಕೊಡುವುದಿಲ್ಲ ಎಂದರೆ ಮನೆ ಎಷ್ಟು ಚೆಂದ ಇದ್ದರೂ ಎದ್ದು ಬನ್ನಿ.

ಕಾಗದಪತ್ರದ್ದು ಬೇಗ ಮುಗಿಸುತ್ತೇನೆ. ಹೊಸ ಮನೆಗೆ ಬಂದ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು. ಶಾಂಘೈನಲ್ಲಿ ಆನ್‌ಲೈನ್‌ನಲ್ಲೂ ಮಾಡಬಹುದು. ವಾಸದ ಪರವಾನಗಿಯಲ್ಲಿರುವ ವಿವರ ಬದಲಾದರೆ ಹತ್ತು ದಿನದೊಳಗೆ ತಿದ್ದಿಸಬೇಕು. ನಿಮ್ಮದು, ಮಕ್ಕಳದ್ದು ಎಲ್ಲ ಯಜಮಾನರ ಕೆಲಸದ ಪರವಾನಗಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಎರಡೂ ಊರಿನ ಎಚ್‌ಆರ್‌ನವರನ್ನು ಒಂದೇ ಕರೆಯಲ್ಲಿ ಕೂರಿಸಿ ದಿನಾಂಕ ಹೊಂದಿಸಿಕೊಳ್ಳಿ. ಅತ್ತೆಯವರು ಬಂದಾಗಲೂ ಆ 24 ಗಂಟೆಯ ನೋಂದಣಿ ಇದೆ, ಮರೆಯಬೇಡಿ.

ಅಡುಗೆಗೆ ಚಿಂತೆ ಬೇಡ. ಇಲ್ಲಿನ ಅಡುಗೆಮನೆಯ ಚಿಮಣಿಗಳು ಒಗ್ಗರಣೆಯ ಘಾಟನ್ನು ನಿಮಿಷದಲ್ಲಿ ಎಳೆದುಬಿಡುತ್ತವೆ. ಬೂದುಗುಂಬಳ, ಹಾಗಲ, ಕೊತ್ತಂಬರಿ ತರಕಾರಿ ಮಾರ್ಕೆಟ್ಟಿನಲ್ಲೇ ಸಿಗುತ್ತವೆ, ಬೆಂಡೆಯೂ ಬರುತ್ತದೆ. ತೊಗರಿಬೇಳೆ, ಉದ್ದಿನಬೇಳೆ, ಸಾಂಬಾರ್ ಪುಡಿ ಆನ್‌ಲೈನ್‌ನಲ್ಲಿ ತರಿಸಬೇಕು. ಕರಿಬೇವು ಮಾತ್ರ ಕುಂಡದಲ್ಲಿ ಬೆಳೆಸಿಕೊಳ್ಳಿ, ಡಿಸೆಂಬರ್‌ನಲ್ಲಿ ಒಳಗಿಟ್ಟು ಕಾಪಾಡಿ.

ಇನ್ನು ರಜೆ. ಹೊಸ ಊರಿಗೆ ಬಂದ ಕೂಡಲೇ ಎಲ್ಲರೂ ಡಿಸ್ನಿಲ್ಯಾಂಡಿಗೆ ಓಡುತ್ತಾರೆ. 2016ರಲ್ಲಿ ಶುರುವಾದದ್ದು, 11ನೇ ಲೈನಿನ ಕೊನೆಯ ನಿಲ್ದಾಣ. ಹೋಗಿ, ಬೇಡ ಅನ್ನುವುದಿಲ್ಲ, ಆದರೆ ಶಾಲೆಗೆ ರಜೆ ಇದ್ದು ಊರಿಗೆ ರಜೆ ಇಲ್ಲದ ದಿನ ನೋಡಿ. ಮೊದಲ ತಿಂಗಳು ದೂರ ಹೋಗದಿದ್ದರೇ ಒಳ್ಳೆಯದು. ಶನಿವಾರ ಬೆಳಗ್ಗೆ ಪಾರ್ಕಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಹುಲ್ಲಿನ ಮೇಲೆ ಟೆಂಟ್ ಹಾಕಿ. ಇಲ್ಲಿನವರೂ ಅದನ್ನೇ ಮಾಡುತ್ತಾರೆ. ನಿಮ್ಮ ಮಗಳಿಗೆ ಶಾಲೆಯ ಹೊರಗೆ ಒಂದಿಬ್ಬರು ಗೆಳತಿಯರು ಸಿಗುವುದು ಅಲ್ಲಿ.

ಮಳೆ ಬಂದರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. 13ನೇ ಲೈನಿನಲ್ಲಿ ಅದರ ಹೆಸರಿನದೇ ನಿಲ್ದಾಣ ಇದೆ. 2015ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಡೈನೋಸಾರ್ ಅಸ್ಥಿಪಂಜರಗಳ ಕೆಳಗೆ ಮೂರು ವರ್ಷದ ಹುಡುಗರು ಬಾಯಿ ಬಿಟ್ಟು ನಿಲ್ಲುವುದನ್ನು ನೋಡುವುದೇ ಒಂದು ಸಂಭ್ರಮ. ಸೋಮವಾರ ಬಾಗಿಲು ಹಾಕಿರುತ್ತದೆ. ಮಗಳಿಗೆ ನಕ್ಷತ್ರದ ಹುಚ್ಚಿದ್ದರೆ 16ನೇ ಲೈನಿನ ತುದಿಯಲ್ಲಿ, ದೀಶುಯಿ ಕೆರೆಯ ಹತ್ತಿರ, 2021ರಲ್ಲಿ ತೆರೆದ ಖಗೋಳ ಮ್ಯೂಸಿಯಂ ಇದೆ. ದೂರ, ಇಡೀ ದಿನ ಬೇಕು. ಇಂಥ ಕಡೆಗೆಲ್ಲ ವೀಚಾಟ್ ಆ್ಯಪ್‌ನಲ್ಲಿ ಮುಂಚೆಯೇ ಬುಕ್ ಮಾಡಬೇಕು, ಮಕ್ಕಳ ಪಾಸ್‌ಪೋರ್ಟ್ ನಂಬರ್‌ಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹುವಾಂಗ್‌ಪೂ ನದಿಯಲ್ಲಿ ದೀಪದ ದೋಣಿಗೆ ನೂರಾರು ಯುವಾನ್ ಕೊಡಬೇಡಿ. ಊರಿನ ಜನ ಸೈಕಲ್, ಸ್ಕೂಟರ್ ಸಮೇತ ನದಿ ದಾಟುವ ಫೆರಿ ಇದೆ, 2 ಯುವಾನ್. ಅದೇ ನದಿ, ಅದೇ ಕಟ್ಟಡ. ಮಗನಿಗೆ ಇಷ್ಟವಾದರೆ ಇನ್ನೊಂದು ಸಲ ಟಿಕೆಟ್ ತೆಗೆದು ವಾಪಸ್ ಬನ್ನಿ.

ಅತ್ತೆಯವರಿದ್ದಾಗ ಹಾಂಗ್‌ಜೌ. ಹೋಂಗ್‌ಚ್ಯಾವ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ವೆಸ್ಟ್ ಲೇಕ್ ಎಲ್ಲರೂ ನೋಡುತ್ತಾರೆ. ನೀವು ಲಿಂಗ್‌ಯಿನ್ ದೇವಾಲಯಕ್ಕೆ ಹೋಗಿ. ಕ್ರಿ.ಶ. 328ರಲ್ಲಿ ಭಾರತದಿಂದ ಬಂದ ಹುಯಿಲಿ ಎಂಬ ಭಿಕ್ಷು ಅದನ್ನು ಕಟ್ಟಿಸಿದ ಎಂದು ಅಲ್ಲಿನ ನಂಬಿಕೆ. ಎದುರಿನ ಗುಡ್ಡ ನೋಡಿ "ಇದು ನಮ್ಮ ಗೃಧ್ರಕೂಟ, ಇಲ್ಲಿಗೆ ಯಾವಾಗ ಹಾರಿಬಂತು?" ಎಂದನಂತೆ. ಗೃಧ್ರಕೂಟ ಅಂದರೆ ಬುದ್ಧ ಬೋಧಿಸಿದ ರಾಜಗೃಹದ ಬೆಟ್ಟ. ಆ ಗುಡ್ಡಕ್ಕೆ ಈಗಲೂ ಹಾರಿಬಂದ ಬೆಟ್ಟ ಎಂದೇ ಹೆಸರು. ಬಂಡೆಯ ತುಂಬ ಕೊರೆದ ಬುದ್ಧರು. ಅತ್ತೆಯವರಿಗೆ ಈ ಕಥೆ ಹೇಳಿ ನೋಡಿ, ಮೆಟ್ಟಿಲು ಹತ್ತಲು ಮಂಡಿ ಅಡ್ಡ ಬರುವುದಿಲ್ಲ. ದೇವಸ್ಥಾನದವರದೇ ಸಸ್ಯಾಹಾರ ಸಿಗುತ್ತದೆ. ಸೂಜೌ ಇನ್ನೂ ಹತ್ತಿರ, ಅರ್ಧ ಗಂಟೆ. ರೈಲಿನಲ್ಲಿ ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ, ಆರರಿಂದ ಹದಿನಾಲ್ಕರವರೆಗೆ ಮಕ್ಕಳ ಟಿಕೆಟ್. ಅಕ್ಟೋಬರ್ 1ರ ವಾರ ಮತ್ತು ಮೇ ಮೊದಲ ದಿನಗಳಲ್ಲಿ ಮಾತ್ರ ಮನೆ ಬಿಟ್ಟು ಕದಲಬೇಡಿ. ಇಡೀ ದೇಶ ರಸ್ತೆಯಲ್ಲಿರುತ್ತದೆ.

ಪ್ರಶ್ನೆ: ಅಕ್ಕಾ, ನಾನು ಶೆನ್‌ಜೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಚೆಂಗ್ಡುಗೆ ಹಾಕಿದ್ದಾರೆ. ಸದ್ಯ ಒಬ್ಬನೇ. ಏಪ್ರಿಲ್‌ನಲ್ಲಿ ಅಪ್ಪ ಮಂಡ್ಯದಿಂದ ಬರ್ತಾರೆ. ವ್ಯವಸಾಯ ಬಿಟ್ಟು ಬೇರೆ ಏನೂ ಅವರ ತಲೆಗೆ ಹತ್ತೋದಿಲ್ಲ. ಎಲ್ಲಿ ಮನೆ ಮಾಡಲಿ, ಅವರಿಗೆ ಏನು ತೋರಿಸಲಿ?
— ಶೆನ್‌ಜೆನ್ ಓದುಗ

ಉತ್ತರ: ಒಬ್ಬನೇ ಅಂದಮೇಲೆ ಸುಲಭ. ನಿಮ್ಮಂಥವರ ಆಫೀಸುಗಳು ದಕ್ಷಿಣದ ಹೈಟೆಕ್ ವಲಯದಲ್ಲಿ, 1ನೇ ಮೆಟ್ರೋ ಲೈನಿನ ಉದ್ದಕ್ಕೂ ಇವೆ. ಅದೇ ಲೈನಿನಲ್ಲಿ ಸ್ವಲ್ಪ ಊರ ಕಡೆಗೆ ತೊಂಗ್‌ಜಿಲಿನ್ ಸಿಗುತ್ತದೆ. ಹಳೆಯ ಏರಿಯಾ, ದೊಡ್ಡ ಮರಗಳು, ರಾತ್ರಿಯವರೆಗೂ ತೆರೆದಿರುವ ಅಂಗಡಿಗಳು. ಸಾಫ್ಟ್‌ವೇರ್ ಪಾರ್ಕಿನ ಪಕ್ಕದ ಹೊಸ ಕಟ್ಟಡಗಳಿಗಿಂತ ಇದು ವಾಸಿ. ಆ ಹೊಸ ಕಟ್ಟಡಗಳ ಕಡೆ ಭಾನುವಾರ ಮಾತಾಡಿಸುವವರೇ ಇರುವುದಿಲ್ಲ. ಶೆನ್‌ಜೆನ್‌ನ ಬಿಸಿಲು ಮಾತ್ರ ಮರೆತುಬಿಡಿ, ಚೆಂಗ್ಡುವಿನ ಚಳಿಗಾಲದಲ್ಲಿ ಸೂರ್ಯ ಕಂಡರೆ ಜನ ಕುರ್ಚಿ ಹಾಕಿಕೊಂಡು ಹೊರಗೆ ಕೂರುತ್ತಾರೆ.

ಅಪ್ಪನಿಗೆ ಪಾಂಡಾ ತೋರಿಸಿ, ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ. ಬಿಸಿಲೇರಿದ ಮೇಲೆ ಅವು ಮಲಗಿಬಿಡುತ್ತವೆ. ಆದರೆ ನಿಮ್ಮ ತಂದೆಗೆ ತೋರಿಸಲೇಬೇಕಾದ್ದು ದುಜಿಯಾಂಗ್‌ಯಾನ್. ರೈಲಿನಲ್ಲಿ ಅರ್ಧ ಗಂಟೆ. ಸುಮಾರು ಕ್ರಿ.ಪೂ. 256ರಲ್ಲಿ ಲೀ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಮಾಡಿಸಿದ ನೀರಾವರಿ. ಅಣೆಕಟ್ಟು ಇಲ್ಲ. ನದಿಯ ನಡುವೆ ಮೀನಿನ ಮೂತಿಯಂಥ ಏರಿ ಹಾಕಿ ನೀರನ್ನು ಎರಡು ಪಾಲು ಮಾಡಿದ್ದಾರೆ. ನೀರು ಕಡಿಮೆ ಇದ್ದಾಗ ಹತ್ತರಲ್ಲಿ ಆರು ಪಾಲು ಗದ್ದೆಯ ಕಡೆಗೆ, ಪ್ರವಾಹ ಬಂದಾಗ ಆರು ಪಾಲು ಹೊರಗಿನ ನದಿಗೆ. ಮರಳು ತಾನಾಗಿ ಹೊರಹೋಗಲು ತಗ್ಗಾದ ಕೋಡಿ ಬೇರೆ. ನೀರಿಗೆ ದಾರಿ ಬಿಡಿಸಲು ಬೆಟ್ಟ ಕೊರೆಯಬೇಕಿತ್ತು. ಸಿಡಿಮದ್ದು ಇಲ್ಲದ ಕಾಲ, ಬಂಡೆಗೆ ಬೆಂಕಿ ಹಾಕಿ ಕಾಯಿಸಿ ತಣ್ಣೀರು ಸುರಿದು ಸೀಳಿದರಂತೆ. ಬಿದಿರಿನ ಬುಟ್ಟಿಯಲ್ಲಿ ಕಲ್ಲು ತುಂಬಿ ಏರಿ ಕಟ್ಟಿದರು. ಇವತ್ತಿಗೂ ಆರು ಲಕ್ಷ ಹೆಕ್ಟೇರಿಗೂ ಹೆಚ್ಚು ಜಮೀನು ಈ ನೀರಿನ ಮೇಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಯಾವತ್ತು ಬಿಡುತ್ತಾರೆ ಎಂದು ಕಾದವರಿಗೆ ಗೈಡ್ ಬೇಕಾಗುವುದಿಲ್ಲ. ಅವರೇ ನಿಮಗೆ ವಿವರಿಸುತ್ತಾರೆ. ಏಪ್ರಿಲ್ ಮೊದಲ ವಾರ, ಚೀನೀಯರು ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ನೀರು ಬಿಡುವ ಉತ್ಸವ ಮಾಡುತ್ತಾರೆ. ಟಿಕೆಟ್ ಬುಕ್ ಮಾಡುವ ಮುಂಚೆ ಆ ದಿನ ನೋಡಿಕೊಳ್ಳಿ.

ಊಟದಲ್ಲಿ ಎಚ್ಚರ. ಅಪ್ಪ ಮಾಂಸ ತಿಂದರೂ ದನದ್ದು ಬೇಡ ಎನ್ನುವವರಾದರೆ, ಅಲ್ಲಿನ ಹಾಟ್‌ಪಾಟ್, ಅಂದರೆ ಮೇಜಿನ ಮೇಲೇ ಕುದಿಸಿಕೊಂಡು ತಿನ್ನುವ ಸಾರಿನ ಕೆಂಪು ಎಣ್ಣೆ ಬಹಳ ಕಡೆ ದನದ ಕೊಬ್ಬು. ಸೋಯಾ ಪನೀರಿನ ಖಾರದ ಅಡುಗೆ ಮಾಪೋ ತೋಫುವಿಗೂ ಕೊಚ್ಚಿದ ಮಾಂಸ ಹಾಕುತ್ತಾರೆ. ಮೊದಲೇ ಕೇಳಿ ಆರ್ಡರ್ ಮಾಡಿ.

ಪ್ರಶ್ನೆ: ನಾವು ಶಾವೋಶಿಂಗ್‌ನ ಕೆಚ್ಯಾವ್‌ನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದೇವೆ. ಈಗ ನಮ್ಮ ಯಜಮಾನರು ಗ್ವಾಂಗ್‌ಜೌನ ಜೊಂಗ್‌ದಾ ಬಟ್ಟೆ ಮಾರುಕಟ್ಟೆಯ ಹತ್ತಿರ ಆಫೀಸು ಮಾಡುತ್ತಿದ್ದಾರೆ, ಮಾರ್ಚ್‌ನಲ್ಲೇ ಹೋಗೋಣ ಅಂತಾರೆ. ಹನ್ನೊಂದು ವರ್ಷದ ಮಗಳು ಇಲ್ಲಿನ ಚೀನೀ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಗೆಳತಿಯರನ್ನು ಬಿಟ್ಟು ಬರೋಲ್ಲ ಎಂದು ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ಮಾರ್ಚ್ ಬೇಡ. ಜೂನ್ ಕೊನೆಗೆ ಶಾಲೆಯ ವರ್ಷ ಮುಗಿಯುತ್ತದೆ, ಸೆಪ್ಟೆಂಬರ್‌ಗೆ ಹೊಸದು ಶುರು. ಅಲ್ಲಿಯವರೆಗೆ ಯಜಮಾನರು ಒಬ್ಬರೇ ಹೋಗಿ ಬಂದು ಮಾಡಲಿ. ಹನ್ನೊಂದು ವರ್ಷದ ಹುಡುಗಿಗೆ ಗೆಳತಿಯರಿಗೆ ಸರಿಯಾಗಿ ಹೋಗಿಬರುತ್ತೇನೆ ಎಂದು ಹೇಳಲು ಸಮಯ ಕೊಡಿ. ಚೀನೀ ಶಾಲೆಯನ್ನೇ ಮುಂದುವರಿಸಿ, ಅಷ್ಟು ಕಷ್ಟಪಟ್ಟು ಕಲಿತ ಅಕ್ಷರಗಳನ್ನು ಕಳೆಯಬೇಡಿ. ಬೀದಿಯಲ್ಲಿ ಅಲ್ಲಿನ ಭಾಷೆ ಕ್ಯಾಂಟೊನೀಸ್ ಕೇಳಿಸಿದರೂ ಪಾಠ ನಡೆಯುವುದು ಅವಳಿಗೆ ಬರುವ ಭಾಷೆಯಲ್ಲೇ. ಹೊರದೇಶದ ಮಕ್ಕಳಿಗೆ ಯಾವ ಶಾಲೆಯಲ್ಲಿ ಸೀಟು ಎಂದು ಆ ಜಿಲ್ಲೆಯ ಶಿಕ್ಷಣ ಕಚೇರಿಯಲ್ಲಿ ಕೇಳಿಕೊಂಡೇ ಬಾಡಿಗೆ ಮನೆಗೆ ಸಹಿ ಹಾಕಿ.

ಮಾರುಕಟ್ಟೆ ಇರುವುದು ಹಾಯ್‌ಜು ಜಿಲ್ಲೆಯಲ್ಲಿ. ಮನೆಯೂ ಅಲ್ಲೇ ಇರಲಿ, ಆದರೆ ಮಾರುಕಟ್ಟೆಯ ಗದ್ದಲದಿಂದ ದೂರ, ಪೂರ್ವದಲ್ಲಿ ನದಿಯ ಕಡೆ ಅಥವಾ ಜೌಗು ಪಾರ್ಕಿನ ಕಡೆ ನೋಡಿ. ಮೇ ತಿಂಗಳ ರಜೆ ಮುಗಿದ ಮೇಲೆ ಒಂದು ವಾರಾಂತ್ಯ ಅವಳನ್ನು ಸುಮ್ನೆ ಊರು ನೋಡಲು ಕರೆದುಕೊಂಡು ಹೋಗಿ. 600 ಮೀಟರ್‌ನ ಕ್ಯಾಂಟನ್ ಟವರ್‌ನ ಬುಡದಿಂದ ನದಿಯ ದಂಡೆಯಲ್ಲೇ ಟ್ರಾಮ್ ಓಡುತ್ತದೆ. ಟಿಕೆಟ್ ಅವಳೇ ತೆಗೆಯಲಿ, ಎಲ್ಲಿ ಇಳಿಯಬೇಕು ಎಂದು ಅವಳೇ ಹೇಳಲಿ. ನೋಡುವ ಮನೆಗಳಲ್ಲಿ ಅವಳ ಕೋಣೆ ಯಾವುದು ಎಂದೂ ಅವಳೇ ಆರಿಸಲಿ. ಕೆಚ್ಯಾವ್‌ನ ಗೆಳತಿಯೊಬ್ಬಳನ್ನು ಆಗಸ್ಟ್‌ನಲ್ಲಿ ಬಂದು ಇರಲು ಕರೆಯಿರಿ, ಅವಳ ತಾಯಿಯ ಹತ್ತಿರ ನೀವೇ ಈಗಲೇ ಮಾತಾಡಿ. ಆ ಒಂದು ಮಾತಿಗೆ ಇವಳು ಊಟಕ್ಕೆ ಏಳುತ್ತಾಳೆ.